ಎಐ ಏಜೆಂಟ್ ಬರೆದ ಮನೆ ನೆಟ್‌ವರ್ಕ್ ಟೂಲ್: ರೂಟರ್‌ನ ಕೀ ಅದಕ್ಕೆ ಕೊಡಬಹುದಾ?

ಹಳೇಕೇಬಲ್:

ಎಲ್ಲರಿಗೂ ನಮಸ್ಕಾರ. ನಾನು ಪ್ರೋಗ್ರಾಮರ್ ಅಲ್ಲ. ಲಿನಕ್ಸ್ ಗೊತ್ತು, ಪೈಥಾನ್ ಓದಿದರೆ ಅರ್ಥ ಆಗುತ್ತದೆ, ಬರೆ ಅಂದರೆ ಬೆವರು ಬರುತ್ತದೆ. ಟರ್ಮಿನಲ್‌ನಲ್ಲಿ ಓಡುವ ಎಐ ಕೋಡಿಂಗ್ ಏಜೆಂಟ್‌ಗಳು ಬಂದ ಮೇಲೆ ಸ್ವಲ್ಪ ಧೈರ್ಯ ಮಾಡಿದ್ದೇನೆ. ಮನೆ ನೆಟ್‌ವರ್ಕ್‌ಗೆ ನನಗೆ ಬೇಕಾದ ಹಾಗೆ ಒಂದು ಚಿಕ್ಕ ಟೂಲ್ ಕಟ್ಟಿಸುತ್ತಿದ್ದೇನೆ.

ಬೇಕಾಗಿರುವುದು ಜಾಸ್ತಿ ಏನಿಲ್ಲ. ಈಗ ವೈಫೈನಲ್ಲಿ ಯಾವ ಯಾವ ಸಾಧನ ಇದೆ ಅಂತ ಒಂದು ಪುಟದಲ್ಲಿ ಕಾಣಬೇಕು. ಗುರುತಿಲ್ಲದ್ದು ಬಂದರೆ ನನ್ನ ಫೋನಿಗೆ ಮೆಸೇಜ್ ಬರಬೇಕು. ಸಂಜೆ ಹೊತ್ತು ನೆಟ್ ತೆವಳುತ್ತದೆ, ಆಗ ಯಾರು ಎಳೆಯುತ್ತಿದ್ದಾರೆ ಅಂತ ಗೊತ್ತಾಗಬೇಕು. ಅಷ್ಟೇ.

ಮನೆಯಲ್ಲಿ ಇರುವುದು ಇಷ್ಟು: ಓಪನ್‌ಡಬ್ಲ್ಯುಆರ್‌ಟಿ (ರೂಟರ್‌ಗಳಿಗೆ ಹಾಕುವ ಲಿನಕ್ಸ್) ಹಾಕಿದ ರೂಟರ್, ಸದಾ ಓಡುವ ಒಂದು ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್), ನಾನು ಕೆಲಸ ಮಾಡುವ ವಿಂಡೋಸ್ ಲ್ಯಾಪ್‌ಟಾಪ್. ಏಜೆಂಟ್ ಓಡುವುದು ಲ್ಯಾಪ್‌ಟಾಪಿನ ಡಬ್ಲ್ಯುಎಸ್‌ಎಲ್ (ವಿಂಡೋಸ್‌ನಲ್ಲೇ ಲಿನಕ್ಸ್ ಓಡಿಸುವ ವ್ಯವಸ್ಥೆ) ಒಳಗೆ.

ಏಜೆಂಟ್ ಸಲೀಸಾಗಿ ಕೋಡ್ ಬರೆಯಿತು. ಟೆಸ್ಟ್‌ಗಳನ್ನೂ ತಾನೇ ಬರೆದು, ಎಲ್ಲಾ ಪಾಸ್ ಅಂತ ಹಸಿರು ಟಿಕ್ ತೋರಿಸಿತು. ಓಡಿಸಿದರೆ ಪಟ್ಟಿಯಲ್ಲಿ ಎರಡೇ ಸಾಧನ. ಎರಡರ ವಿಳಾಸವೂ 172ರಿಂದ ಶುರುವಾಗುತ್ತದೆ. ನಮ್ಮ ಮನೆಯದ್ದು 192.168.1.0/24. ಟಿವಿ ಇಲ್ಲ, ಪ್ರಿಂಟರ್ ಇಲ್ಲ, ಫೋನ್‌ಗಳಿಲ್ಲ. ಕೇಳಿದರೆ, ‘ಉಳಿದ ಸಾಧನಗಳು ಆಫ್ ಆಗಿರಬಹುದು’ ಅಂತ ಬಹಳ ವಿನಯದಿಂದ ಹೇಳಿತು. ಟಿವಿ ನನ್ನ ಎದುರಿಗೇ ಓಡುತ್ತಿತ್ತು.

ಅದನ್ನೇ ಪೈ ಮೇಲೆ ಹಾಕಿದೆ. ಎಲ್ಲಾ ಕಾಣಿಸಿತು. ಆದರೆ ಈಗ ಒಂದೇ ಫೋನ್ ಬೇರೆ ಬೇರೆ ಮ್ಯಾಕ್ ವಿಳಾಸದಲ್ಲಿ (ಜಾಲದಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆ) ‘ಹೊಸ ಸಾಧನ’ ಅಂತ ಬರುತ್ತದೆ. ರಾತ್ರಿ ಸುಮ್ನೆ ಬಿದ್ದುಕೊಂಡಿರುವ ಫೋನ್ ಬಗ್ಗೆ ‘ಹೊರಗೆ ಹೋಯಿತು’, ‘ಒಳಗೆ ಬಂತು’ ಅಂತ ಮೆಸೇಜ್ ಮೇಲೆ ಮೆಸೇಜ್. ಮನೆಯವರು ಆಗಲೇ ಈ ಟೂಲ್‌ಗೆ ಚಾಡಿಕೋರ ಅಂತ ಹೆಸರಿಟ್ಟಿದ್ದಾರೆ.

ಇದನ್ನೆಲ್ಲ ಏಜೆಂಟ್ ಮುಂದೆ ಇಟ್ಟಾಗ ಅದು ಕೊಟ್ಟ ಸಲಹೆ ಇದು: ರೂಟರ್‌ನ ರೂಟ್ ಎಸ್‌ಎಸ್‌ಎಚ್ ಕೀ (ಪೂರ್ತಿ ಅಧಿಕಾರದೊಂದಿಗೆ ಒಳಹೋಗುವ ಕೀ) ನನಗೆ ಕೊಡಿ, ಡಿಎಚ್‌ಸಿಪಿ ಪಟ್ಟಿಯನ್ನು (ಯಾವ ಸಾಧನಕ್ಕೆ ಯಾವ ಐಪಿ ವಿಳಾಸ ಕೊಟ್ಟಿದೆ ಅನ್ನುವ ಪಟ್ಟಿ) ನೇರವಾಗಿ ಓದುತ್ತೇನೆ, ಗುರುತಿಲ್ಲದ ಸಾಧನ ಬಂದರೆ ಫೈರ್‌ವಾಲ್ ನಿಯಮ ಹಾಕಿ ತಡೆದೂ ಬಿಡುತ್ತೇನೆ. ಕೇಳಲು ಚೆನ್ನಾಗಿದೆ. ಕೊಡಬಹುದಾ? ಕೊಟ್ಟವರು ಯಾರಾದರೂ ಇದ್ದೀರಾ?

ರೆಡಿಮೇಡ್:

ಇದನ್ನೆಲ್ಲ ಯಾಕೆ ಕಟ್ಟಬೇಕು? ಆರ್ಪ್‌ವಾಚ್ ಎಷ್ಟೋ ವರ್ಷಗಳಿಂದ ಇದೇ ಕೆಲಸ ಮಾಡುತ್ತಿದೆ. ಪುಟ ಬೇಕು ಅಂದರೆ ನೆಟ್‌ಅಲರ್ಟ್‌ಎಕ್ಸ್ ಹಾಕಿ. ಯಾವ ಸಾಧನ ಎಷ್ಟು ಡೇಟಾ ಎಳೆಯಿತು ಅಂತ ನೋಡಲು ಓಪನ್‌ಡಬ್ಲ್ಯುಆರ್‌ಟಿಯಲ್ಲೇ ಎನ್‌ಎಲ್‌ಬಿಡಬ್ಲ್ಯುಮಾನ್ ಪ್ಯಾಕೇಜ್ ಇದೆ. ಒಂದು ಸಂಜೆಯ ಕೆಲಸ. ಏಜೆಂಟ್ ಜೊತೆ ವಾದ ಮಾಡುವ ಸಮಯ ಉಳಿಯುತ್ತದೆ.

ಹಳೇಕೇಬಲ್:

ನಿಜ. ಅವನ್ನು ನೋಡಿದ್ದೇನೆ. ಆದರೆ ನನಗೆ ಬೇಕಾದದ್ದು ಮೂರು ಸಾಲಿನ ಒಂದು ಪುಟ, ಅವು ಕೊಡುವುದು ಮೂವತ್ತು ಬಟನ್. ಇನ್ನೊಂದು ಕಾರಣ, ಒಳಗೆ ಏನು ನಡೆಯುತ್ತದೆ ಅಂತ ತಿಳಿಯುವ ಚಪಲ. ಅದಕ್ಕೆ ಮದ್ದಿಲ್ಲ.

ಪದರ_ಎರಡು:

ನೆಟ್‌ವರ್ಕ್ ನನ್ನ ಹೊಟ್ಟೆಪಾಡು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಮೊದಲಿಗೆ ನಿಮ್ಮ ಪ್ರಶ್ನೆಗೆ ಉತ್ತರ: ಕೀ ಕೊಡಬೇಡಿ. ಕೊಡುವ ಅಗತ್ಯವೇ ಇಲ್ಲ. ಯಾಕೆ ಅಂತ ಕೆಳಗೆ ಬರುತ್ತದೆ.

ನಿಮಗೆ ಬಂದ ತೊಂದರೆಗಳಿಗೆಲ್ಲ ಮೂಲ ಒಂದೇ. ಏಜೆಂಟ್‌ಗೆ ಕೋಡ್ ಗೊತ್ತು, ನಿಮ್ಮ ಮನೆ ಗೊತ್ತಿಲ್ಲ. ಅದು ಎಲ್ಲಿ ನಿಂತು ನೋಡುತ್ತಿದೆ ಅನ್ನುವುದನ್ನು ನೀವು ಹೇಳಲಿಲ್ಲ, ಅದೂ ಕೇಳಲಿಲ್ಲ. ಡಬ್ಲ್ಯುಎಸ್‌ಎಲ್ 2 ಅಂದರೆ ಒಂದು ವರ್ಚುವಲ್ ಯಂತ್ರ. ಮಾಮೂಲಿ ಸೆಟ್ಟಿಂಗ್‌ನಲ್ಲಿ ಅದು ವಿಂಡೋಸ್‌ನ ಹಿಂದೆ, ನ್ಯಾಟ್ (ವಿಳಾಸ ಬದಲಿಸಿ ಒಳಜಾಲವನ್ನು ಬೇರೆ ಇಡುವ ವ್ಯವಸ್ಥೆ) ಒಳಗೆ, ತನ್ನದೇ ಪುಟ್ಟ ಜಾಲದಲ್ಲಿ ಇರುತ್ತದೆ. ನಿಮಗೆ ಕಂಡ 172ರ ಎರಡು ಸಾಧನಗಳಲ್ಲಿ ಒಂದು ಡಬ್ಲ್ಯುಎಸ್‌ಎಲ್, ಇನ್ನೊಂದು ನಿಮ್ಮದೇ ವಿಂಡೋಸ್. ಏಜೆಂಟ್ ನಿಮ್ಮ ಲ್ಯಾಪ್‌ಟಾಪಿನ ಹೊಟ್ಟೆಯೊಳಗೇ ಸ್ಕ್ಯಾನ್ ಮಾಡಿ ಬಂದಿದೆ.

ಎಆರ್‌ಪಿ, ಅಂದರೆ ಒಂದು ಐಪಿ ಯಾವ ಮ್ಯಾಕ್‌ನದ್ದು ಅಂತ ಕೇಳುವ ವಿಧಾನ, 1982ರ ಆರ್‌ಎಫ್‌ಸಿ 826 ಅನ್ನುವ ಇಂಟರ್ನೆಟ್ ದಾಖಲೆಯಲ್ಲಿದೆ. ಅದು ಕೆಲಸ ಮಾಡುವ ರೀತಿ, ಒಂದು ಕೋಣೆಯಲ್ಲಿ ನಿಂತು ‘192.168.1.20 ಯಾರಪ್ಪ?’ ಅಂತ ಕೂಗಿದ ಹಾಗೆ. ಕೂಗು ಆ ಕೋಣೆ ದಾಟುವುದಿಲ್ಲ. ಪ್ರೋಗ್ರಾಮನ್ನು ಕಂಟೇನರ್ ಅನ್ನುವ ಪ್ರತ್ಯೇಕ ಡಬ್ಬಿಯಲ್ಲಿ ಓಡಿಸುವ ಡಾಕರ್‌ನಲ್ಲಿ ಹಾಕಿದರೂ ಇದೇ ಕತೆ. ಬ್ರಿಡ್ಜ್ ಜಾಲದಲ್ಲಿರುವ ಕಂಟೇನರ್‌ಗೆ ಕಾಣುವುದು ಡಾಕರ್‌ನ ಒಳಜಾಲ. ಪೈ ಮೇಲೆ ಡಾಕರ್ ಓಡಿಸುವುದಾದರೆ ಹೋಸ್ಟ್ ನೆಟ್‌ವರ್ಕ್ ಕೊಡಬೇಕು. ಆಪಲ್‌ನ ಮ್ಯಾಕ್ ಕಂಪ್ಯೂಟರ್‌ನಲ್ಲೂ ವಿಂಡೋಸ್‌ನಲ್ಲೂ ಡಾಕರ್ ಡೆಸ್ಕ್‌ಟಾಪ್ ಇನ್ನೊಂದು ವರ್ಚುವಲ್ ಯಂತ್ರದ ಒಳಗಿರುತ್ತದೆ, ಅಲ್ಲಿ ಆ ಆಸೆ ಬಿಡಿ.

ರೂಟ್ ಅನುಮತಿಯದ್ದೂ ಒಂದು ಪಾತ್ರ ಇದೆ. ಜಾಲ ಸ್ಕ್ಯಾನ್ ಮಾಡುವ ಎನ್‌ಮ್ಯಾಪ್ ಟೂಲ್‌ನ ಪಿಂಗ್ ಸ್ಕ್ಯಾನನ್ನು ರೂಟ್ ಆಗಿ ಓಡಿಸಿದರೆ ಒಳಜಾಲದಲ್ಲಿ ಎಆರ್‌ಪಿ ಬಳಸುತ್ತದೆ. ಸಾಮಾನ್ಯ ಬಳಕೆದಾರನಾಗಿ ಓಡಿಸಿದರೆ 80 ಮತ್ತು 443ನೇ ಪೋರ್ಟ್‌ಗೆ ಟಿಸಿಪಿ ಸಂಪರ್ಕ ಪ್ರಯತ್ನಿಸಿ ನೋಡುತ್ತದೆ. ಅದಕ್ಕೆ ತುಟಿ ಬಿಚ್ಚದ ಸಾಧನಗಳು ಬೇಕಾದಷ್ಟಿವೆ. ಅದೇ ಕಮಾಂಡ್, ಬೇರೆ ಉತ್ತರ, ಎಲ್ಲೂ ಎರರ್ ಬರುವುದಿಲ್ಲ. ಏಜೆಂಟ್ ಬರೆದ ಕೋಡ್ ಯಾವ ಬಳಕೆದಾರನ ಹೆಸರಿನಲ್ಲಿ ಓಡುತ್ತಿದೆ ಅಂತ ನೋಡಿಕೊಳ್ಳಿ.

ಫೋನ್ ಹೊಸದಾಗಿ ಕಾಣುವುದು ಫೋನಿನ ತಪ್ಪಲ್ಲ. 2019ರ ಆಂಡ್ರಾಯ್ಡ್ 10 ಮತ್ತು 2020ರ ಐಒಎಸ್ 14ರಿಂದ ಫೋನ್‌ಗಳು ತಾವಾಗಿಯೇ ಸುಳ್ಳು ಮ್ಯಾಕ್ ವಿಳಾಸ ಕೊಡುತ್ತವೆ, ಪ್ರತಿ ವೈಫೈ ಹೆಸರಿಗೂ ಬೇರೆ ಬೇರೆ. ನಿಮ್ಮಲ್ಲಿ 2.4 ಗಿಗಾಹರ್ಟ್ಸ್‌ಗೆ ಒಂದು ಹೆಸರು, 5ಕ್ಕೆ ಇನ್ನೊಂದು, ಅತಿಥಿಗಳಿಗೆ ಮತ್ತೊಂದು ಇದ್ದರೆ, ಒಂದೇ ಫೋನ್ ಮೂರು ವೇಷ ಹಾಕುತ್ತದೆ. ಗುರುತಿಸುವುದು ಸುಲಭ. ವಿಳಾಸದ ಎರಡನೇ ಅಂಕೆ 2, 6, ಎ ಅಥವಾ ಇ ಆಗಿದ್ದರೆ ಅದು ಕಾರ್ಖಾನೆ ಕೊಟ್ಟ ವಿಳಾಸ ಅಲ್ಲ. ಏಜೆಂಟ್‌ಗೆ ಈ ನಿಯಮ ಚೆನ್ನಾಗಿ ಗೊತ್ತಿರುತ್ತದೆ, ಕೇಳಿ ನೋಡಿ. ನೀವು ಕೇಳುವವರೆಗೂ ಬಾಯಿ ಬಿಡುವುದಿಲ್ಲ, ಅದೇ ಅದರ ಚಾಳಿ. ಮನೆಯವರ ಫೋನ್‌ಗಳಲ್ಲಿ ನಿಮ್ಮ ವೈಫೈಗೆ ಮಾತ್ರ ಈ ಖಾಸಗಿ ವಿಳಾಸ ಆಫ್ ಮಾಡಿಸಿ.

ಅಂದ ಮೇಲೆ ಮ್ಯಾಕ್ ನೋಡಿ ತಡೆಯುವ ಆ ಫೈರ್‌ವಾಲ್ ಯೋಜನೆಗೆ ಏನು ಅರ್ಥ ಉಳಿಯಿತು? ನುಗ್ಗಬೇಕು ಅಂತ ಬಂದವನು ವಿಳಾಸ ಬದಲಿಸಿಕೊಂಡು ಬರುತ್ತಾನೆ. ಸಿಕ್ಕಿಹಾಕಿಕೊಳ್ಳುವುದು ನಿಮ್ಮ ಮನೆಗೆ ಬಂದ ನೆಂಟರು, ಇಲ್ಲದಿದ್ದರೆ ನೀವೇ.

ಹೋಗಿ ಬರುವ ಮೆಸೇಜ್‌ಗೆ ಕಾರಣ, ಫೋನ್ ಪರದೆ ಆರಿದ ಮೇಲೆ ರೇಡಿಯೋವನ್ನೂ ಆಗಾಗ ಮಲಗಿಸುತ್ತದೆ. ಪಿಂಗ್‌ಗೆ ಉತ್ತರ ಬರಲಿಲ್ಲ ಅಂದರೆ ಫೋನ್ ಇಲ್ಲ ಅಂತ ಅಲ್ಲ. ಯಾವ ಸಾಧನ ವೈಫೈಗೆ ಅಂಟಿಕೊಂಡಿದೆ ಅಂತ ಖಚಿತವಾಗಿ ಗೊತ್ತಿರುವುದು ರೂಟರ್‌ನ ರೇಡಿಯೋಗೆ. ಆ ಪಟ್ಟಿಯನ್ನು ತೆಗೆದುಕೊಳ್ಳಿ. ಅದರಲ್ಲೂ ಹದಿನೈದು ನಿಮಿಷ ಕಾಣದಿದ್ದರೆ ಮಾತ್ರ ‘ಹೋಯಿತು’ ಅನ್ನಲಿ.

ಆದರೆ ಆ ಪಟ್ಟಿ ರೂಟರ್‌ನಲ್ಲಿದೆ, ಕೀ ಬೇಕಲ್ವಾ ಅಂತೀರಿ. ಬೇಡ. ದಿಕ್ಕು ತಿರುಗಿಸಿ. ಪೈ ಹೋಗಿ ರೂಟರ್ ಬಾಗಿಲು ತೆಗೆಸುವುದಲ್ಲ, ರೂಟರ್ ತಾನೇ ಪೈಗೆ ಕಳಿಸಲಿ. ರೂಟರ್‌ನ ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ವ್ಯವಸ್ಥೆ) ನಿಮಿಷಕ್ಕೊಮ್ಮೆ ಓಡುವ ನಾಲ್ಕು ಸಾಲಿನ ಶೆಲ್ ಸ್ಕ್ರಿಪ್ಟ್. ಡಿಎಚ್‌ಸಿಪಿ ಲೀಸ್ ಫೈಲ್ (ಕೊಟ್ಟ ವಿಳಾಸ ಮತ್ತು ಅದರ ಅವಧಿ), ವೈಫೈ ಪಟ್ಟಿ, ನೆರೆಹೊರೆ ಕೋಷ್ಟಕ (ರೂಟರ್‌ಗೆ ಗೊತ್ತಿರುವ ಐಪಿ, ಮ್ಯಾಕ್ ಜೋಡಿಗಳು), ಮೂರನ್ನೂ ಪೈ ಕಡೆ ನೂಕಬೇಕು. ಪೈನಲ್ಲಿ ಅದಕ್ಕೇ ಒಂದು ಬಳಕೆದಾರ ಖಾತೆ ಮಾಡಿ, ಆ ಕೀಯಿಂದ ಒಂದೇ ಒಂದು ಕಮಾಂಡ್ ನಡೆಯುವಂತೆ ಕಟ್ಟಿಹಾಕಿ. ಸ್ಕ್ರಿಪ್ಟನ್ನು ಏಜೆಂಟ್ ಬರೆಯಲಿ, ನೀವು ಓದಿ, ನಿಮ್ಮ ಕೈಯಾರೆ ರೂಟರ್‌ಗೆ ಹಾಕಿ. ನಾಲ್ಕು ಸಾಲು ಓದಲು ಪ್ರೋಗ್ರಾಮರ್ ಆಗಬೇಕಿಲ್ಲ.

ರೂಟರ್ ಮೇಲೆ ಬರೆಯುವ ಅಧಿಕಾರ ಯಾಕೆ ಬೇಡ ಅಂದರೆ, ಲೂಸಿ (ರೂಟರ್‌ನ ಸೆಟ್ಟಿಂಗ್ ಬದಲಿಸುವ ವೆಬ್) ಪುಟದಲ್ಲಿ ನೀವು ಏನಾದರೂ ಬದಲಿಸಿ ಸಂಪರ್ಕ ಕಡಿದುಹೋದರೆ ಅದು ಸ್ವಲ್ಪ ಕಾದು ಹಳೆಯದಕ್ಕೆ ಮರಳುತ್ತದೆ. ಏಜೆಂಟ್ ಎಸ್‌ಎಸ್‌ಎಚ್‌ನಲ್ಲಿ ಹೋಗಿ ಸೆಟ್ಟಿಂಗ್ ಉಳಿಸಿ ನೆಟ್‌ವರ್ಕ್ ಸೇವೆ ಮರುಶುರು ಮಾಡಿದರೆ ಆ ರಕ್ಷಣೆ ಇಲ್ಲ. ಅಲ್ಲಿ ಒಂದು ಅಂಕೆ ತಪ್ಪಿದರೂ ಇಂಟರ್ನೆಟ್ ಹೋಗುತ್ತದೆ. ಏಜೆಂಟ್‌ನ ಮಿದುಳು ಇಂಟರ್ನೆಟ್‌ನ ಆಚೆ ಕಡೆ ಇದೆ. ಸರಿಮಾಡಲು ಅದು ವಾಪಸ್ ಬರುವುದಿಲ್ಲ.

ಟೆಸ್ಟ್ ಬಗ್ಗೆ ಒಂದು ಮಾತು. ಏಜೆಂಟ್ ತಾನು ಊಹಿಸಿದ ಡೇಟಾವನ್ನೇ ತನ್ನ ಟೆಸ್ಟ್‌ಗೂ ಕೊಟ್ಟಿರುತ್ತದೆ. ಪಾಸ್ ಆಗದೆ ಇನ್ನೇನು? ನಿಮ್ಮ ನಿಜವಾದ ಲೀಸ್ ಫೈಲ್‌ನ ಒಂದು ಪ್ರತಿ ಕೊಟ್ಟು ಟೆಸ್ಟ್ ಬರೆಸಿ. ರೂಟರ್‌ನಲ್ಲಿ ವಿಳಾಸ ಹಂಚುವ ಡಿಎನ್‌ಎಸ್‌ಮಾಸ್ಕ್‌ನ ಲೀಸ್ ಫೈಲ್‌ನ ಒಂದು ಸಾಲಿನಲ್ಲಿ ಐದು ಭಾಗ: ಮುಗಿಯುವ ಸಮಯ, ಮ್ಯಾಕ್, ಐಪಿ, ಹೆಸರು, ಕ್ಲೈಂಟ್ ಐಡಿ. ಹೆಸರು ಹೇಳದ ಸಾಧನಕ್ಕೆ ಅಲ್ಲಿ ಬರೀ ಒಂದು ನಕ್ಷತ್ರ ಚಿಹ್ನೆ ಇರುತ್ತದೆ. ಕೊನೆಯಿಲ್ಲದ ಲೀಸ್‌ಗೆ ಸಮಯ 0. ಕಂಪ್ಯೂಟರ್ ಸಮಯ ಎಣಿಸಲು ಶುರು ಮಾಡುವುದು 1970ರಿಂದ, ಹಾಗಾಗಿ ಏಜೆಂಟ್ ಆ ಸೊನ್ನೆಯನ್ನು 1970ಕ್ಕೇ ಮುಗಿದ ಲೀಸ್ ಅಂತ ಓದಿ, ನಿಮ್ಮ ಪ್ರಿಂಟರನ್ನು ಪಟ್ಟಿಯಿಂದ ತೆಗೆದುಹಾಕಬಹುದು.

ಇನ್ನೂ ಒಂದು. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಆ ಫೈಲ್ ಇರುವುದು ಮೆಮೊರಿಯಲ್ಲಿ. ರೂಟರ್ ರೀಬೂಟ್ ಆದರೆ ಖಾಲಿ. ವೈಫೈ ಸಾಧನಗಳು ಮತ್ತೆ ಸೇರುವಾಗ ವಿಳಾಸ ಕೇಳುತ್ತವೆ, ಪಟ್ಟಿ ತುಂಬುತ್ತದೆ. ನಡುವೆ ಸ್ವಿಚ್ ಇಟ್ಟು ಕೇಬಲ್ ಎಳೆದ ಸಾಧನಕ್ಕೆ ರೂಟರ್ ಸತ್ತು ಹುಟ್ಟಿದ್ದೇ ಗೊತ್ತಾಗುವುದಿಲ್ಲ. ಲೀಸ್‌ನ ಅರ್ಧ ಅವಧಿ ಕಳೆದಾಗಲೇ ಅದು ಮತ್ತೆ ಕೇಳುವುದು. ಮಾಮೂಲಿ ಲೀಸ್ 12 ಗಂಟೆ, ಅಂದರೆ 6 ಗಂಟೆವರೆಗೂ ಅದು ಪಟ್ಟಿಯಲ್ಲಿ ಇಲ್ಲದಿರಬಹುದು. ಅದಕ್ಕೇ ನೆರೆಹೊರೆ ಕೋಷ್ಟಕವೂ ಬೇಕು ಅಂದೆ.

ಅನುಮಾನಪ್ಪ:

ಮೇಲಿನವರು ಹೇಳಿದ್ದಕ್ಕೆಲ್ಲ ನನ್ನ ಒಪ್ಪಿಗೆ ಇದೆ. ನನ್ನ ಕಸುಬು ಅನುಮಾನ, ಹಾಗಾಗಿ ಇನ್ನೊಂದು ಸೇರಿಸುತ್ತೇನೆ.

ಆ ಐದು ಭಾಗದಲ್ಲಿ ‘ಹೆಸರು’ ಯಾರು ಬರೆಯುತ್ತಾರೆ ಯೋಚಿಸಿದ್ದೀರಾ? ಸಾಧನವೇ. ವಿಳಾಸ ಕೇಳುವಾಗ ತನ್ನ ಹೆಸರು ಇಂಥದ್ದು ಅಂತ ಅದೇ ಹೇಳುತ್ತದೆ. ಎಂಡಿಎನ್‌ಎಸ್‌ನಲ್ಲಿ (ಸಾಧನಗಳು ಒಳಜಾಲದಲ್ಲಿ ಹೆಸರು ಸಾರುವ ವಿಧಾನ) ಕೂಗುವ ಹೆಸರೂ ಹಾಗೇ. ಬ್ರೌಸರ್ ಪುಟದಲ್ಲಿ ಅದನ್ನು ಹಾಗೇ ತೋರಿಸಿದರೆ, ಹೆಸರಿನ ಜಾಗದಲ್ಲಿ ಸ್ಕ್ರಿಪ್ಟ್ ತುಂಬಿದವನು ನಿಮ್ಮ ಪುಟದೊಳಗೆ ಕೋಡ್ ಓಡಿಸಬಹುದು. ಏಜೆಂಟ್ ಬರೆದ ಟೆಂಪ್ಲೇಟ್‌ನಲ್ಲಿ ಹೆಸರನ್ನು ಎಸ್ಕೇಪ್ ಮಾಡಿದೆಯಾ, ಅಂದರೆ ಕೋಡ್ ಆಗಿ ಓಡದೆ ಬರೀ ಅಕ್ಷರವಾಗಿ ಕಾಣುವ ಹಾಗೆ ಮಾಡಿದೆಯಾ ನೋಡಿ. ಹೆಸರು ಶೆಲ್ ಕಮಾಂಡ್ ಒಳಗೆ ಸೇರುತ್ತಿದ್ದರೆ ಇನ್ನೂ ಕೆಟ್ಟದ್ದು.

ಎರಡನೆಯದು ಜನ ಮರೆಯುವಂಥದ್ದು. ‘ಲಾಗ್ ಓದಿ ಏನಾಗಿದೆ ಹೇಳು’ ಅಂತ ಏಜೆಂಟ್‌ಗೆ ಹೇಳುತ್ತೀರಿ. ಆ ಲಾಗ್‌ನಲ್ಲಿ ಒಂದು ಸಾಧನದ ಹೆಸರೇ ಏಜೆಂಟ್‌ಗೆ ಕೊಡುವ ಆಜ್ಞೆಯ ಹಾಗಿದ್ದರೆ? 2022ರಲ್ಲಿ ಪ್ರೋಗ್ರಾಮರ್ ಸೈಮನ್ ವಿಲಿಸನ್ ಪ್ರಾಂಪ್ಟ್ ಇಂಜೆಕ್ಷನ್ ಅಂತ ಹೆಸರಿಟ್ಟದ್ದು ಇದಕ್ಕೇ. ಏಜೆಂಟ್‌ಗೆ ಡೇಟಾ ಯಾವುದು, ಆಜ್ಞೆ ಯಾವುದು ಅಂತ ನೂರಕ್ಕೆ ನೂರು ಬೇರೆ ಮಾಡಲು ಬರುವುದಿಲ್ಲ. ಓದುವುದು ಮಾತ್ರ ಅದರ ಕೈಯಲ್ಲಿದ್ದರೆ ನಷ್ಟ ಕಡಿಮೆ. ರೂಟರ್ ಕೀಯೂ ಅದರ ಬಳಿಯೇ ಇದ್ದರೆ ಆ ಸಾಧನ ಹೇಳಿದ್ದನ್ನು ನಿಮ್ಮ ರೂಟರ್ ಕೇಳುತ್ತದೆ. ಮನೆಗೆ ಅಂಥವರು ಯಾರು ಬರುತ್ತಾರೆ ಅಂತ ನಗಬಹುದು, ನಗಿ. ಅಗ್ಗದ ಸ್ಮಾರ್ಟ್ ಬಲ್ಬಿನ ಫರ್ಮ್‌ವೇರ್ ಬರೆದವರು ಯಾರು ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಏಜೆಂಟ್ ಓದಿದ್ದೆಲ್ಲ ಅದನ್ನು ನಡೆಸುವ ಕಂಪನಿಯ ಸರ್ವರ್‌ಗೆ ಹೋಗುತ್ತದೆ. ಮನೆಯಲ್ಲಿ ಯಾರು ಎಷ್ಟು ಹೊತ್ತಿಗೆ ಇರುತ್ತಾರೆ, ಎಷ್ಟು ಹೊತ್ತಿಗೆ ಇರುವುದಿಲ್ಲ ಅನ್ನುವುದು ಆ ಲಾಗ್‌ನಲ್ಲಿದೆ. ಟೆಸ್ಟ್‌ಗೆ ಕೊಡುವ ಪ್ರತಿಯಲ್ಲಿ ಹೆಸರು, ಮ್ಯಾಕ್ ಬದಲಿಸಿ ಕೊಡಿ. ಮ್ಯಾಕ್‌ನ ಎರಡನೇ ಅಂಕೆ ಮಾತ್ರ ಹಾಗೇ ಇರಲಿ, ಇಲ್ಲದಿದ್ದರೆ ಟೆಸ್ಟ್ ಕೆಲಸಕ್ಕೆ ಬರುವುದಿಲ್ಲ.

ಪ್ಯಾಕೇಜ್‌ಗಳ ಪಟ್ಟಿಯನ್ನೂ ನೋಡಿ. ಏಜೆಂಟ್‌ಗಳು ಆಗಾಗ ಇಲ್ಲದ ಪ್ಯಾಕೇಜ್ ಹೆಸರು ಹೇಳುತ್ತವೆ. ಅಂಥ ಹೆಸರನ್ನು ಯಾರಾದರೂ ಮೊದಲೇ ನೋಂದಾಯಿಸಿ ಕಾಯುತ್ತಿದ್ದರೆ ಮುಗಿಯಿತು. ನಿಮ್ಮ ಟೂಲ್‌ಗೆ ಪೈಥಾನ್ ಜೊತೆಗೇ ಬರುವ ಲೈಬ್ರರಿಗಳು ಸಾಕು. ಏಜೆಂಟ್ ಓದುವ ಸೂಚನೆಗಳ ಫೈಲ್ (AGENTS.md ಅಥವಾ CLAUDE.md) ಇದ್ದರೆ ಅದರಲ್ಲಿ ‘ಕೇಳದೆ ಹೊಸ ಪ್ಯಾಕೇಜ್ ಬೇಡ’ ಅಂತ ಬರೆದಿಡಿ. ಆದರೆ ಆ ಫೈಲ್ ಬೀಗ ಅಲ್ಲ, ವಿನಂತಿ. ಬೀಗ ಹಾಕಬೇಕಾದ್ದು ಅನುಮತಿಗಳಲ್ಲಿ.

ಹಳೇಕೇಬಲ್:

ಇಬ್ಬರಿಗೂ ದೊಡ್ಡ ನಮಸ್ಕಾರ. ಕೀ ಕೊಡಲಿಲ್ಲ. ರೂಟರ್ ಈಗ ತಾನೇ ಕಳಿಸುತ್ತದೆ. ಏಜೆಂಟ್ ಮೊದಲು ಬರೆದ ಸ್ಕ್ರಿಪ್ಟ್ ಬ್ಯಾಶ್ ಶೆಲ್‌ಗೆ ಬರೆದದ್ದು, ರೂಟರ್‌ನಲ್ಲಿ ಇರುವುದು ಬಿಸಿಬಾಕ್ಸ್ ಜೊತೆ ಬರುವ ಚಿಕ್ಕ ಶೆಲ್ ಆಶ್. ‘ಇದು ಬಿಸಿಬಾಕ್ಸ್’ ಅಂತ ಹೇಳಿದ ಕೂಡಲೇ ಸರಿಮಾಡಿತು. ಮನೆಯ ವಿವರವನ್ನೆಲ್ಲ ಒಂದು ಫೈಲ್‌ನಲ್ಲಿ ಬರೆದಿಟ್ಟಿದ್ದೇನೆ: ಯಾವ ಜಾಲ, ಯಾವ ಯಂತ್ರ, ಕೋಡ್ ಎಲ್ಲಿ ಓಡುತ್ತದೆ, ಯಾವುದನ್ನು ಮುಟ್ಟಬಾರದು. ಆಮೇಲೆ ಅದರ ಊಹೆಗಳು ಎಷ್ಟೋ ಕಡಿಮೆಯಾದವು. ವೈಫೈ ಹೆಸರು ಎರಡಿದ್ದವು, ಪದರ_ಎರಡು ಅವರು ಹೇಳಿದ ಹಾಗೇ. ಒಂದು ಮಾಡಿದೆ. ಚಾಡಿ ನಿಂತಿದೆ.

ಅನುಮಾನಪ್ಪ ಅವರೇ, ನನ್ನ ಲ್ಯಾಪ್‌ಟಾಪಿಗೇ ಒಂದು ತರಲೆ ಹೆಸರಿಟ್ಟು, ಅದರೊಳಗೆ ಎಚ್‌ಟಿಎಂಎಲ್ ಟ್ಯಾಗ್ ತುರುಕಲು ನೋಡಿದೆ. ವಿಂಡೋಸ್ ಒಪ್ಪಲಿಲ್ಲ. ಲೀಸ್ ಫೈಲ್‌ನ ಪ್ರತಿಯಲ್ಲಿ ಕೈಯಾರೆ ಬರೆದು ಕೊಟ್ಟೆ. ಪುಟದಲ್ಲಿ ದಪ್ಪ ಅಕ್ಷರದಲ್ಲಿ ಬಂತು! ಈಗ ಎಸ್ಕೇಪ್ ಮಾಡಿಸಿದ್ದೇನೆ, ಆ ಸಾಲು ಟೆಸ್ಟ್‌ನಲ್ಲೇ ಇದೆ.

ಉಳಿದದ್ದು ಸಂಜೆಯ ತೆವಳಾಟ. ಏಜೆಂಟ್ ಎಸ್‌ಎನ್‌ಎಂಪಿ (ನೆಟ್‌ವರ್ಕ್ ಸಾಧನಗಳ ಅಂಕಿಅಂಶ ಕೇಳುವ ವಿಧಾನ) ಮೂಲಕ ರೂಟರ್‌ನ ಡೇಟಾ ಕೌಂಟರ್ ಓದಿ ಹತ್ತು ನಿಮಿಷಕ್ಕೊಂದು ಚುಕ್ಕಿಯ ಗ್ರಾಫ್ ಬಿಡಿಸುತ್ತದೆ. ಮೊದಲು ಗ್ರಾಫ್ ಕೆಲವು ಕಡೆ ಸೊನ್ನೆಗಿಂತ ಕೆಳಗೆ ಹೋಗುತ್ತಿತ್ತು. ಅದನ್ನು ಹೇಳಿದೆ, ‘ಸರಿಪಡಿಸಿದ್ದೇನೆ’ ಅಂದಿತು. ಈಗ ಕೆಳಗೆ ಹೋಗುವುದಿಲ್ಲ, ಆದರೆ ನೆಟ್ ತೆವಳುವ ಹೊತ್ತಿಗೇ ಗ್ರಾಫ್ ಸೊನ್ನೆ ತೋರಿಸುತ್ತದೆ.

ಪದರ_ಎರಡು:

ಕೋಡ್‌ನಲ್ಲಿ ಋಣ ಸಂಖ್ಯೆ ಬಂದರೆ ಸೊನ್ನೆ ಮಾಡು ಅನ್ನುವ ಸಾಲು ಇರುತ್ತದೆ, ಹುಡುಕಿ. ಅದು ಸರಿಪಡಿಸಿದ್ದಲ್ಲ, ಬಟ್ಟೆ ಹೊದಿಸಿದ್ದು. ಏಜೆಂಟ್ ‘ಸರಿಪಡಿಸಿದೆ’ ಅಂದಾಗಲೆಲ್ಲ ‘ಕಾರಣ ಏನಿತ್ತು?’ ಅಂತ ಕೇಳುವುದು ಒಳ್ಳೆಯದು.

ಕಾರಣ ಇದು. ಎಸ್‌ಎನ್‌ಎಂಪಿಯ ಹಳೆಯ ಕೌಂಟರ್ 32 ಬಿಟ್‌ನದ್ದು. ಸುಮಾರು 4.29 ಗಿಗಾಬೈಟ್ ಆದ ಮೇಲೆ ಮತ್ತೆ ಸೊನ್ನೆಯಿಂದ ಶುರು. 100 ಎಂಬಿಪಿಎಸ್‌ನಲ್ಲಿ ತುಂಬಿ ಹರಿದರೆ ಆರು ನಿಮಿಷದೊಳಗೆ ಒಂದು ಸುತ್ತು. ಹತ್ತು ನಿಮಿಷಕ್ಕೊಮ್ಮೆ ಓದುವವರಿಗೆ ಅದು ಎಷ್ಟು ಸುತ್ತು ಹೊಡೆಯಿತು ಅಂತ ತಿಳಿಯುವುದೇ ಇಲ್ಲ. 64 ಬಿಟ್‌ನ ‘ಎಚ್‌ಸಿ’ ಕೌಂಟರ್ ಇದೆ, ಅದನ್ನು ಓದಿಸಿ. ಆದರೂ ಇದು ಇಡೀ ಇಂಟರ್‌ಫೇಸ್‌ನ ಮೊತ್ತ, ಯಾವ ಸಾಧನ ಎಷ್ಟು ಅಂತ ಹೇಳುವುದಿಲ್ಲ. ಅದಕ್ಕೆ ಮೇಲೆ ರೆಡಿಮೇಡ್ ಅವರು ಹೇಳಿದ ಎನ್‌ಎಲ್‌ಬಿಡಬ್ಲ್ಯುಮಾನ್‌ನದ್ದೇ ಲೆಕ್ಕ ತೆಗೆದುಕೊಂಡು ನಿಮ್ಮ ಪುಟದಲ್ಲಿ ತೋರಿಸಿ. ರೂಟರ್‌ನಲ್ಲಿ ಫ್ಲೋ ಆಫ್‌ಲೋಡಿಂಗ್ (ವೇಗಕ್ಕಾಗಿ ಡೇಟಾವನ್ನು ಅಡ್ಡದಾರಿಯಲ್ಲಿ ಸಾಗಿಸುವುದು) ಆನ್ ಇದ್ದರೆ ಆ ಲೆಕ್ಕ ತಪ್ಪಬಹುದು, ಆಫ್ ಮಾಡಿ ನೋಡಿ.

ಹಾಗೇ ಒಂದು ಅನುಮಾನ. ಪೈನ ಕ್ರಾನ್‌ನಲ್ಲಿ ಏಜೆಂಟ್ ಸ್ಪೀಡ್ ಟೆಸ್ಟ್ ಏನಾದರೂ ಸೇರಿಸಿದೆಯಾ? ‘ನೆಟ್ ನಿಧಾನ’ ಅಂದರೆ ಅದಕ್ಕೆ ಮೊದಲು ಹೊಳೆಯುವುದು ಅದೇ.

ಹಳೇಕೇಬಲ್:

ಸೇರಿಸಿದೆ ಸ್ವಾಮಿ. ಐದು ನಿಮಿಷಕ್ಕೊಮ್ಮೆ.

ಪದರ_ಎರಡು:

100 ಎಂಬಿಪಿಎಸ್‌ನಲ್ಲಿ ಹತ್ತು ಸೆಕೆಂಡ್ ಎಳೆದರೆ 125 ಮೆಗಾಬೈಟ್. ದಿನಕ್ಕೆ 288 ಸಲ, ಅಂದರೆ 36 ಗಿಗಾಬೈಟ್, ಡೌನ್‌ಲೋಡ್ ಒಂದೇ. ಮೊದಲು ಅದನ್ನು ಕಿತ್ತುಹಾಕಿ.

ಅದರ ಬದಲು ಎರಡು ಪಿಂಗ್ ಇಡಿ. ಪೈಯನ್ನು ವೈಫೈನಲ್ಲಿ ಇಟ್ಟುಕೊಂಡೇ, ಒಂದು ರೂಟರ್‌ಗೆ, ಒಂದು ಹೊರಗಿನ ಯಾವುದಾದರೂ ಸರ್ವರ್‌ಗೆ, ಕೆಲವು ಸೆಕೆಂಡಿಗೊಮ್ಮೆ. ತೆವಳುವ ಹೊತ್ತಿನಲ್ಲಿ ರೂಟರ್‌ಗೆ ಹೋಗುವ ಪಿಂಗೇ ಏರಿದರೆ ತೊಂದರೆ ವೈಫೈನದ್ದು. ರೂಟರ್‌ಗೆ ಎರಡು ಮೂರು ಮಿಲಿಸೆಕೆಂಡ್ ಇದ್ದು ಹೊರಗಿನದ್ದು ನೂರಾರಕ್ಕೆ ಹಾರಿದರೆ, ಹೊರಗಿನ ಲಿಂಕ್‌ನ ಬಳಿ ಡೇಟಾದ ಸರದಿ ನಿಂತಿದೆ, ಅಂದರೆ ಬಹುಶಃ ಬಫರ್‌ಬ್ಲೋಟ್ (ಸರದಿ ಉದ್ದವಾಗಿ ಎಲ್ಲವೂ ತಡವಾಗುವುದು). ಆಗ ಯಾರು ಎಳೆಯುತ್ತಿದ್ದಾರೆ ಅನ್ನುವುದು ಮುಖ್ಯ ಅಲ್ಲ. ಒಂದು ಫೋನ್ ಫೋಟೋ ಬ್ಯಾಕಪ್ ಮಾಡಿದರೂ ಸಾಕು, ಎಲ್ಲರ ನೆಟ್ ತೆವಳುತ್ತದೆ.

ಹಳೇಕೇಬಲ್:

ಸ್ಪೀಡ್ ಟೆಸ್ಟ್ ತೆಗೆದೆ. ಸ್ವಲ್ಪ ಉಸಿರಾಡುತ್ತಿದೆ, ಆದರೆ ಪೂರ್ತಿ ಗುಣ ಆಗಿಲ್ಲ. ಪಿಂಗ್ ಗ್ರಾಫ್ ಬಂತು. ರೂಟರ್‌ನದ್ದು ನೆಲಕ್ಕೆ ಅಂಟಿದ ಗೆರೆ, ಹೊರಗಿನದ್ದು ಸಂಜೆ ಗುಡ್ಡ ಹತ್ತುತ್ತದೆ. ಬಫರ್‌ಬ್ಲೋಟ್ ಅಂತ ಆಯಿತಲ್ವಾ? ಎಸ್‌ಕ್ಯೂಎಂ (ರೂಟರ್‌ನಲ್ಲಿ ಆ ಸರದಿ ನಿಭಾಯಿಸುವ ವ್ಯವಸ್ಥೆ) ಹಾಕಲು ಏಜೆಂಟ್ ಸೆಟ್ಟಿಂಗ್ ಬರೆದುಕೊಟ್ಟಿದೆ. ವೇಗದ ಜಾಗದಲ್ಲಿ ನನ್ನ ಪ್ಲಾನ್‌ನ ಪೂರ್ತಿ ವೇಗವನ್ನೇ ಹಾಕಿದೆ.

ಪದರ_ಎರಡು:

ಪೂರ್ತಿ ಹಾಕಿದರೆ ಸರದಿ ರೂಟರ್‌ಗೆ ಬರುವುದೇ ಇಲ್ಲ, ಮೋಡೆಮ್‌ನಲ್ಲೇ ನಿಲ್ಲುತ್ತದೆ. ಜನ ಕಡಿಮೆ ಇರುವ ಹೊತ್ತಿನಲ್ಲಿ ಕೇಬಲ್ ಹಾಕಿ ಒಮ್ಮೆ ವೇಗ ಅಳೆಯಿರಿ. ಕ್ಯೂ ಡಿಸಿಪ್ಲಿನ್ (ಸರದಿ ನಿಭಾಯಿಸುವ ವಿಧಾನ) ಅನ್ನುವ ಕಡೆ ಕೇಕ್ ಆರಿಸಿ. ಡೌನ್‌ಲೋಡ್, ಅಪ್‌ಲೋಡ್ ಎರಡಕ್ಕೂ ಅಳತೆಯ 85 ಶೇಕಡಾದಿಂದ ಶುರು ಮಾಡಿ, ಪಿಂಗ್ ಏರದಿರುವ ತನಕ ಸ್ವಲ್ಪ ಸ್ವಲ್ಪವೇ ಮೇಲೆ ತನ್ನಿ. 95ರ ಆಚೆ ಹೋಗಬೇಡಿ. ಲೂಸಿ ಪುಟದಲ್ಲಿ ನಿಮ್ಮ ಕೈಯಲ್ಲೇ ಹಾಕಿ. ಹೊರಗಿನ ಗೆರೆ ಇಳಿಯಿತಾ ಅಂತ ನಿಮ್ಮ ಗ್ರಾಫೇ ಹೇಳುತ್ತದೆ. ರೂಟರ್‌ನ ಸಿಪಿಯು ಹಳೆಯದಾದರೆ ಕೇಕ್‌ನಿಂದ ವೇಗ ಇಳಿಯಬಹುದು. ಹಾಗಾದರೆ ಎಫ್‌ಕ್ಯೂ ಕೋಡೆಲ್ ಹಾಕಿ ನೋಡಿ, ಅದು ಹಗುರ.